ಮೊದಲು ಓಡಿ ಬಂದವರ ಹೆಸರು ಎಲ್ಲುಂಟು?

ಕದ್ರಿ ಪಾರ್ಕಿಗೆ ಮಕ್ಕಳನ್ನು ಕರೆದುಕೊಂಡು ಹೋಗದ ಮನೆ ನಮ್ಮಲ್ಲಿ ಕಡಿಮೆ. ಶಾಲೆಗೆ ರಜೆ ಸಿಕ್ಕಿದರೆ, ಗಲ್ಫಿನಿಂದ ಉಪ್ಪ ಬಂದರೆ, ದೂರದ ನೆಂಟರು ಬಂದರೆ ಒಂದು ಸಂಜೆ ಆ ಕಡೆ ಹೋಗಿಯೇ ಹೋಗುತ್ತೇವೆ. ಅದೇ ಕದ್ರಿ ಗುಡ್ಡೆಯಲ್ಲಿ ಒಂದು ಯುದ್ಧ ಸ್ಮಾರಕವೂ ಉಂಟು. ಪ್ರತಿ ವರ್ಷ ಜುಲೈ 26ರಂದು, ಕಾರ್ಗಿಲ್ ವಿಜಯ ದಿವಸದ ದಿನ, ಮಾಜಿ ಸೈನಿಕರು ಅಲ್ಲಿ ಸೇರುತ್ತಾರೆ, ಹೂ ಇಟ್ಟು ಸೆಲ್ಯೂಟ್ ಹೊಡೆಯುತ್ತಾರೆ. ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ನಾವು ನೋಡುತ್ತೇವೆ, ಪುಟ ತಿರುಗಿಸುತ್ತೇವೆ.

ಆ ಸ್ಮಾರಕದ ಎದುರು ಮಕ್ಕಳನ್ನು ಐದು ನಿಮಿಷ ನಿಲ್ಲಿಸಿ, "ಇದು ಎಂತಕ್ಕೆ ಕಟ್ಟಿದ್ದು ಗೊತ್ತುಂಟಾ?" ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಮಕ್ಕಳೇ ತಿರುಗಿ ಕೇಳಿದರೆ ಉತ್ತರ ಕೊಡಲು ನಮಗೆ ಎಷ್ಟು ಗೊತ್ತುಂಟು? 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ದೇಶದ 527 ಯೋಧರು ಜೀವ ಕೊಟ್ಟರು. ಹದಿನೆಂಟು ಸಾವಿರ ಅಡಿ ಎತ್ತರದ ಹಿಮದ ಶಿಖರಗಳಿಗೆ ರಾತ್ರಿ ಹೊತ್ತು ಹಗ್ಗ ಹಿಡಿದು ಹತ್ತಿದ ಹುಡುಗರು ಅವರು. ಹೆಚ್ಚಿನವರ ವಯಸ್ಸು ಇಪ್ಪತ್ತು, ಇಪ್ಪತ್ತೈದು, ಮೂವತ್ತು. ನಮ್ಮ ಮನೆಯ ಹುಡುಗರು ವೀಸಾಕ್ಕೆ ಪಾಸ್‌ಪೋರ್ಟ್ ಕೊಡುವ ವಯಸ್ಸು.

ಸ್ಮಾರಕ ಎಂದರೆ ನೆನಪಿಗೆ ಒಂದು ಜಾಗ. ಸತ್ತವರಿಗೆ ಅದರಿಂದ ಆಗುವಂಥದ್ದು ಏನಿಲ್ಲ. ಬದುಕಿರುವವರು ಮರೆಯಬಾರದು ಎಂದು ಅದನ್ನು ಕಟ್ಟುವುದು. ಈ ವಾರ ಅಂಥ ಕೆಲವು ಜಾಗಗಳ ಬಗ್ಗೆ, ಮತ್ತೆ ಯಾವ ಸ್ಮಾರಕವೂ ಇಲ್ಲದ ಕೆಲವು ಜನರ ಬಗ್ಗೆ ಮಾತಾಡುವ ಎಂದು ನಮ್ಮ ಆಸೆ.

ನಮ್ಮ ನಾಡಿನ ಹಳೇ ಕ್ರಮ

ಊರಿಗಾಗಿ ಸತ್ತವರಿಗೆ ಕಲ್ಲು ನೆಡುವುದು ಹೊರಗಿನಿಂದ ಬಂದ ಪದ್ಧತಿ ಎಂದು ಕೆಲವರು ತಿಳಿದುಕೊಂಡಿದ್ದಾರೆ. ಹಾಗಲ್ಲ. ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ವೀರಗಲ್ಲುಗಳಿವೆ. ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ್ದೇ. ಆ ಕಲ್ಲುಗಳೆಲ್ಲ ರಾಜರದ್ದಲ್ಲ ಎನ್ನುವುದನ್ನು ಮಾತ್ರ ಮರೆತಿದ್ದೇವೆ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನಿಗೆ ಕಲ್ಲುಂಟು. ಊರಿಗೆ ದಾಳಿ ಬಂದಾಗ ಹೆಂಗಸರನ್ನು ಕಾಪಾಡಲು ಹೋಗಿ ಸತ್ತವನಿಗೆ ಕಲ್ಲುಂಟು. ಹುಲಿಯ ಜೊತೆ, ಹಂದಿಯ ಜೊತೆ ಹೋರಾಡಿ ಸತ್ತವನಿಗೂ ಕಲ್ಲುಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ ಹತ್ತನೇ ಶತಮಾನದ ಒಂದು ಶಾಸನ ಕಾಡುಹಂದಿಯ ಜೊತೆ ಸೆಣಸಿ ಸತ್ತ 'ಕಾಳಿ' ಎಂಬ ನಾಯಿಯನ್ನೂ ನೆನೆಯುತ್ತದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಅಂದರೆ ಸಾವಿರ ವರ್ಷಗಳ ಹಿಂದಿನ ಕನ್ನಡಿಗರಿಗೆ ಒಂದು ವಿಷಯ ಸ್ಪಷ್ಟವಿತ್ತು. ಆಪತ್ತಿನ ಹೊತ್ತು ಓಡಿ ಹೋಗದೆ ಎದುರು ಹೋದವರ ಹೆಸರು ಊರಿನ ಬಾಯಲ್ಲಿ ಇರಬೇಕು. ಅವನು ಸಂಬಳದ ಸಿಪಾಯಿಯೋ, ದನ ಮೇಯಿಸುವವನೋ ಎಂದು ಅವರು ನೋಡಲಿಲ್ಲ. ಈಗ ನಾವು ಆ ಲೆಕ್ಕವನ್ನು ಸ್ವಲ್ಪ ಬಿಗಿ ಮಾಡಿದ್ದೇವೆ. ಯೂನಿಫಾರ್ಮ್ ಇದ್ದವರಿಗೆ ಒಂದು ದಿನ, ಒಂದು ಸ್ಮಾರಕ ಉಂಟು. ಇಲ್ಲದವರಿಗೆ ಒಂದು ದಿನ ಪೇಪರಿನಲ್ಲಿ ಸುದ್ದಿ, ಅಷ್ಟೇ.

ಗೇಟಿನ ಹತ್ತಿರ ಕೂತ ಯೋಧ

ಮೊದಲು ಯೂನಿಫಾರ್ಮ್ ಇದ್ದವರ ವಿಷಯ. ಜನವರಿ 14 ಮಾಜಿ ಸೈನಿಕರ ದಿನ. ಆ ದಿನಕ್ಕೂ ನಮ್ಮ ಪಕ್ಕದ ಕೊಡಗಿಗೂ ಸಂಬಂಧವಿದೆ. ಸ್ವತಂತ್ರ ಭಾರತದ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕೆ.ಎಂ. ಕಾರ್ಯಪ್ಪ ಅವರು ನಿವೃತ್ತರಾದದ್ದು 1953ರ ಜನವರಿ 14ರಂದು. ಅದರ ನೆನಪಿಗೆ ಆ ದಿನವನ್ನು ಇಟ್ಟುಕೊಂಡದ್ದು. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಶಾಲೆಗಳಲ್ಲಿ ಸಣ್ಣ ಧ್ವಜ ಕೊಟ್ಟು ಹಣ ಸಂಗ್ರಹಿಸುತ್ತಾರಲ್ಲ, ಅದೇ. ಆ ಹಣ ಹೋಗುವುದು ಯುದ್ಧದಲ್ಲಿ ಮಡಿದವರ ಮನೆಯವರಿಗೆ, ಗಾಯಗೊಂಡವರಿಗೆ, ಮಾಜಿ ಸೈನಿಕರ ಕಲ್ಯಾಣಕ್ಕೆ. ಮಗು ಹತ್ತು ರೂಪಾಯಿ ಕೇಳಿದಾಗ "ಇದೆಂತ ಹೊಸ ವಸೂಲಿ?" ಎಂದು ಗದರುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ನಮ್ಮ ಮಕ್ಕಳಿಗೆ ಕ್ವಿಜ್‌ಗೆ ಬೇಕಾಗುವಷ್ಟು ಹೆಸರು ಗೊತ್ತುಂಟು. 1948ರ ಜುಲೈ 3ರಂದು ಕಾಶ್ಮೀರದ ಝಂಗರ್‌ನಲ್ಲಿ ಹುತಾತ್ಮರಾದ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್, ಮಹಾವೀರ ಚಕ್ರ. 1965ರ ಯುದ್ಧದಲ್ಲಿ ಖೇಮ್‌ಕರಣ್ ಭಾಗದಲ್ಲಿ ಜೀಪಿನ ಮೇಲಿನ ಫಿರಂಗಿಯಿಂದ ಶತ್ರುವಿನ ಟ್ಯಾಂಕುಗಳನ್ನು ಒಡೆದು ಪ್ರಾಣ ಕೊಟ್ಟ ಹವಾಲ್ದಾರ್ ಅಬ್ದುಲ್ ಹಮೀದ್, ಪರಮವೀರ ಚಕ್ರ. ಕಲಿಯಬೇಕಾದ ಹೆಸರುಗಳೇ. ಆದರೆ ನಮ್ಮದೇ ಮೊಹಲ್ಲಾದಲ್ಲಿ, ನಮ್ಮದೇ ಗ್ರಾಮದಲ್ಲಿ ಸೇನೆಯಲ್ಲಿದ್ದು ಬಂದವರು ಯಾರು ಎಂದು ಕೇಳಿದರೆ ದೊಡ್ಡವರಿಗೂ ಗೊತ್ತಿಲ್ಲ.

ಅವರು ದೂರ ಎಲ್ಲಿಯೂ ಇಲ್ಲ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರಲ್ಲಿ, ಫ್ಲ್ಯಾಟಿನ ಗೇಟಿನ ಹತ್ತಿರ ಪುಸ್ತಕದಲ್ಲಿ ಗಾಡಿ ನಂಬರು ಬರೆಯುವವರಲ್ಲಿ ಎಷ್ಟೋ ಮಂದಿ ಮಾಜಿ ಸೈನಿಕರು. ಸೇನೆಯಲ್ಲಿ ಜವಾನರು ಬೇಗ ನಿವೃತ್ತರಾಗುತ್ತಾರೆ. ನಲವತ್ತರ ಆಸುಪಾಸಿನಲ್ಲಿ ಮನೆಗೆ ಬಂದವರಿಗೆ ಮಕ್ಕಳ ಓದು, ಮದುವೆ, ಮನೆ ಸಾಲ ಎಲ್ಲ ಬಾಕಿ ಇರುತ್ತದೆ. ಹಾಗಾಗಿ ಮತ್ತೆ ಒಂದು ಕೆಲಸ. ನಮ್ಮ ಮಕ್ಕಳು ಅವರನ್ನು "ವಾಚ್‌ಮ್ಯಾನ್" ಎಂದು ಕರೆಯುತ್ತಾರೆ. ಆ ಮನುಷ್ಯ ಒಂದು ಕಾಲದಲ್ಲಿ ಸಿಯಾಚಿನ್‌ನ ಹಿಮದಲ್ಲಿ, ಉಸಿರಾಡಲೂ ಕಷ್ಟವಾಗುವ ಜಾಗದಲ್ಲಿ ತಿಂಗಳುಗಟ್ಟಲೆ ನಿಂತಿರಬಹುದು. ಹೋಗಿ ಕೇಳಬೇಕು. "ಕಾಕಾ, ನೀವು ಎಲ್ಲೆಲ್ಲ ಇದ್ದಿರಿ?" ಎಂದು ಒಂದು ಮಾತು. ಅದಕ್ಕೆ ದುಡ್ಡು ಖರ್ಚಿಲ್ಲ.

ಹೆಸರು ಓದುವ ದಿನ

ಪೊಲೀಸರಿಗೆ ಅಕ್ಟೋಬರ್ 21. 1959ರ ಆ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನಾ ಸೈನಿಕರ ಗುಂಡಿಗೆ ನಮ್ಮ 10 ಮಂದಿ ಪೊಲೀಸರು ಬಲಿಯಾದರು. ಆಗ ಆ ಗಡಿಯ ಕಾವಲು ಪೊಲೀಸರದ್ದಾಗಿತ್ತು. ಅಂದಿನಿಂದ ಆ ದಿನ ಪೊಲೀಸ್ ಹುತಾತ್ಮರ ದಿನ. ಜಿಲ್ಲೆ ಜಿಲ್ಲೆಗಳಲ್ಲಿ ಪೊಲೀಸ್ ಮೈದಾನದ ಸ್ಮಾರಕದ ಎದುರು ಪರೇಡ್ ಆಗುತ್ತದೆ. ಆ ಒಂದು ವರ್ಷದಲ್ಲಿ ದೇಶದಲ್ಲಿ ಕರ್ತವ್ಯದಲ್ಲಿದ್ದಾಗ ಮಡಿದ ಪೊಲೀಸರ ಹೆಸರುಗಳನ್ನು ಓದುತ್ತಾರೆ. ಉದ್ದದ ಪಟ್ಟಿ. ಕೇಳುವವರಿಗೆ ಕಾಲು ನೋಯುವಷ್ಟು ಉದ್ದ. ಆದರೂ ಓದುತ್ತಾರೆ. ಅದರಲ್ಲಿ ತನ್ನ ಮಗನ ಹೆಸರು ಬರುವುದನ್ನು ಕಾಯುವ ಒಬ್ಬ ತಾಯಿ ಎಲ್ಲಿಯಾದರೂ ಇರುತ್ತಾಳೆ ಎನ್ನುವುದಕ್ಕೆ.

ಅಗ್ನಿಶಾಮಕ ದಳದವರಿಗೆ ಏಪ್ರಿಲ್ 14. ಇದರ ಕಥೆ ನಮ್ಮ ಹಿರಿಯರಿಗೆ ಹತ್ತಿರದ್ದು. ಗಲ್ಫ್ ಎಂಬ ಹೆಸರು ಕೇಳುವ ಮೊದಲು ನಮ್ಮ ಕರಾವಳಿಯವರಿಗೆ ಪರದೇಶ ಎಂದರೆ ಬೊಂಬಾಯಿ ತಾನೇ? ಹೋಟೆಲು, ಅಂಗಡಿ, ಬಂದರಿನ ಕೂಲಿ ಎಂದು ಹೋದವರು ಸಾವಿರಾರು. ಆ ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ 1944ರ ಏಪ್ರಿಲ್ 14ರಂದು 'ಫೋರ್ಟ್ ಸ್ಟಿಕಿನ್' ಎಂಬ ಹಡಗು ನಿಂತಿತ್ತು. ಮಹಾಯುದ್ಧದ ಕಾಲ. ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ. ಅದರ ಜೊತೆಗೇ ಕರಾಚಿಯಲ್ಲಿ ತುಂಬಿಸಿದ ಸಾವಿರಾರು ಹತ್ತಿ ಬೇಲುಗಳು. ಬೆಂಕಿ ಹಿಡಿಯುವ ಹತ್ತಿಯನ್ನೂ ಸಿಡಿಯುವ ಮದ್ದನ್ನೂ ಒಂದೇ ಹಡಗಿನಲ್ಲಿ ಇಟ್ಟದ್ದು!

ಮಧ್ಯಾಹ್ನ ಹತ್ತಿಯಲ್ಲಿ ಹೊಗೆ ಕಾಣಿಸಿತು. ಅಗ್ನಿಶಾಮಕದವರು ಬಂದು ಗಂಟೆಗಟ್ಟಲೆ ನೀರು ಹೊಡೆದರು. ನೂರಾರು ಟನ್ ನೀರು ಹೋಯಿತು. ಆದರೂ ಬೆಂಕಿಯ ಮೂಲ ಸಿಗಲಿಲ್ಲ. ಸಂಜೆ ನಾಲ್ಕು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಹಡಗು ಸಿಡಿಯಿತು. ಅರ್ಧ ಗಂಟೆ ಆಗುವಷ್ಟರಲ್ಲಿ ಇನ್ನೊಂದು ಸ್ಫೋಟ. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಶಿಮ್ಲಾದ ಭೂಕಂಪ ಮಾಪಕದಲ್ಲೂ ಅದರ ಕಂಪನ ದಾಖಲಾಯಿತು. ನೂರಾರು ಜನ ಸತ್ತರು. ಅದರಲ್ಲಿ 66 ಮಂದಿ ಅಗ್ನಿಶಾಮಕದವರು. ಬೈಕುಲಾದ ಅಗ್ನಿಶಾಮಕ ಕೇಂದ್ರದಲ್ಲಿ ಅವರ ಸ್ಮಾರಕ ಈಗಲೂ ಉಂಟು. ನಮ್ಮೂರಿನ ಫೈರ್ ಸ್ಟೇಷನ್‌ಗಳಲ್ಲಿ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ಮಾಡುವುದು ಇದೇ ನೆನಪಿಗೆ.

ಅವರಿಗೆ ಹಡಗಿನ ಹೊಟ್ಟೆಯಲ್ಲಿ ಎಂತ ಇದೆ ಎಂದು ಗೊತ್ತಿತ್ತು. ಆದರೂ ಪೈಪು ಬಿಟ್ಟು ಓಡಲಿಲ್ಲ. ಕೆಲಸ ಎಂದರೆ ಕೆಲಸ.

2010ರ ಮೇ 22ರ ಬೆಳಿಗ್ಗೆ

ಈಗ ನಮ್ಮದೇ ಮನೆಯ ನೋವಿಗೆ ಬರುವ. ದಿನಾಂಕ ಹೇಳಿದರೆ ಸಾಕು, ಕರಾವಳಿಯಲ್ಲಿ ಯಾರಿಗೂ ವಿವರಣೆ ಬೇಡ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಿಗ್ಗೆ ಆರು ಗಂಟೆ ಕಳೆದ ಹೊತ್ತಿಗೆ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಹೋದರು. ಬದುಕಿದ್ದು ಎಂಟೇ ಮಂದಿ. ಮಂಗಳೂರು, ಉಡುಪಿ, ಕಾಸರಗೋಡು ಕಡೆಯ ಎಷ್ಟು ಮನೆಗಳಲ್ಲಿ ಆ ದಿನ ಬೆಳಗಿನ ಚಹಾ ಒಲೆಯ ಮೇಲೇ ಉಳಿಯಿತು ಎಂಬುದು ನಮಗೆ ಗೊತ್ತುಂಟು. ಮದುವೆಗೆ ಬರುವವರು, ಹುಷಾರಿಲ್ಲದ ಉಮ್ಮನನ್ನು ನೋಡಲು ಬರುವವರು, ವರ್ಷಗಳ ನಂತರ ಮಕ್ಕಳ ಮುಖ ನೋಡಲು ಬರುವವರು.

ಗುರುತು ಸಿಗದಷ್ಟು ಸುಟ್ಟ ದೇಹಗಳಿಗೆ ಡಿಎನ್ಎ ಪರೀಕ್ಷೆ ಮಾಡಿಸಿದರು. ಕೊನೆಗೆ 12 ದೇಹಗಳು ಯಾರದ್ದು ಎಂದು ಹೇಳಲಾಗದೆ ಉಳಿದವು. ಅವುಗಳನ್ನು ತಣ್ಣೀರುಬಾವಿ ಕಡೆ ಹೋಗುವ ದಾರಿಯಲ್ಲಿ, ಕೂಳೂರಿನ ಹತ್ತಿರ, ಫಲ್ಗುಣಿ ನದಿಯ ದಡದಲ್ಲಿ ದಫನ ಮಾಡಿದರು. ಅದೇ ಜಾಗದಲ್ಲಿ ಸ್ಮಾರಕ ಎದ್ದಿತು. ವರ್ಷಕ್ಕೊಮ್ಮೆ ಮೇ 22ರಂದು ಜಿಲ್ಲಾಡಳಿತದವರು, ಮನೆಯವರು ಅಲ್ಲಿ ಸೇರುತ್ತಾರೆ. ಬೀಚಿಗೆ ಹೋಗುವ ಗಾಡಿಗಳು ಅದರ ಎದುರೇ ಹೋಗುತ್ತವೆ. ಒಂದು ಸಲ ಗಾಡಿ ನಿಲ್ಲಿಸಿ ಇಳಿದು ಬನ್ನಿ. ಅಲ್ಲಿ ಮಲಗಿದವರು ಯಾರ ಮಗ, ಯಾರ ಮಗಳು, ಯಾವ ಧರ್ಮ ಎಂದು ಯಾರಿಗೂ ಹೇಳಲಾಗದು. ಅದಕ್ಕೇ ಅವರು ಎಲ್ಲರ ಮನೆಯವರು.

ಆದರೆ ಆ ದಿನದ ಇನ್ನೊಂದು ಗುಂಪು ಉಂಟು. ವಿಮಾನ ಬಿದ್ದ ಸದ್ದು ಕೇಳಿ, ಹೊಗೆ ಕಂಡು ಮೊದಲು ಓಡಿದವರು ಹತ್ತಿರದ ಮನೆಗಳವರು. ಕಣಿವೆ ಕಡಿದು, ದಾರಿ ಸಪೂರ, ಕಾಡು ಪೊದೆ. ದೊಡ್ಡ ಗಾಡಿಗಳು ಒಳಗೆ ಬರುವುದೇ ಕಷ್ಟ. ಕಾಲುದಾರಿ ಗೊತ್ತಿದ್ದವರು ಅಲ್ಲಿನ ಜನ. ಉರಿಯುವ ವಿಮಾನ ಇನ್ನೊಮ್ಮೆ ಸಿಡಿಯುತ್ತದೋ ಎಂದು ನೋಡುತ್ತಾ ಅವರು ನಿಲ್ಲಲಿಲ್ಲ. ಆಮೇಲೆ ಅಗ್ನಿಶಾಮಕದವರು, ಪೊಲೀಸರು, ಆಂಬುಲೆನ್ಸಿನವರು ಬಂದರು. ಊರಿನವರೂ ಅವರೂ ಒಟ್ಟಿಗೆ ಗುಡ್ಡೆ ಇಳಿದು ಹತ್ತಿ ದೇಹಗಳನ್ನು ಹೊತ್ತರು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ನೋಡಿದವರಿಲ್ಲ. ಆಸ್ಪತ್ರೆಯ ಶವಾಗಾರದ ಹೊರಗೆ ಹಗಲು ರಾತ್ರಿ ನಿಂತು, ಗುರುತು ಹಿಡಿಯಲು ಬಂದ ಮನೆಯವರನ್ನು ಹಿಡಿದುಕೊಂಡವರೂ ಇದ್ದರು.

ಅವರು ಯಾರು? ಆಗ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಮೂವತ್ತೈದು ದಾಟಿದೆ. ಆಗ ನಲವತ್ತರವರಾಗಿದ್ದವರ ಗಡ್ಡ ಬಿಳಿಯಾಗಿದೆ. ಕೆಲವರು ಈಗ ಗಲ್ಫಿನಲ್ಲಿರಬಹುದು, ಕೆಲವರು ಈ ಲೋಕದಲ್ಲೇ ಇಲ್ಲದಿರಬಹುದು. ಅವರ ಹೆಸರುಗಳು ಯಾವ ಜಮಾಅತಿನ ಪುಸ್ತಕದಲ್ಲಿ, ಯಾವ ಸಂಘದ ದಾಖಲೆಯಲ್ಲಿ ಉಂಟು? ಕೇಳಿ ನೋಡಿ. "ಹೌದಲ್ವಾ, ಬರೆದಿಡಬೇಕಿತ್ತು" ಎಂಬ ಮಾತೇ ಹೆಚ್ಚು ಸಿಗುವುದು.

ಮತ್ತೆ ಮತ್ತೆ ಅವರೇ

ಅದೊಂದೇ ದಿನವಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗಡಿಯ ಜೋಡುಪಾಲದಲ್ಲಿ ಗುಡ್ಡ ಜರಿಯಿತು. ಅದೇ ತಿಂಗಳು ಕೇರಳದ ನೆರೆಯಲ್ಲಿ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಚೆಂಗನ್ನೂರು ಕಡೆಗೆ ಹೋಗಿ, ಮಾಳಿಗೆ ಹತ್ತಿ ಕೂತಿದ್ದ ಜನರನ್ನು ಇಳಿಸಿದರು. ಸರ್ಕಾರ ಕರೆಯುವ ಮೊದಲೇ ಹೊರಟವರು ಅವರಲ್ಲಿದ್ದರು. 2020, 2021ರ ಕೊರೊನಾ ಕಾಲದಲ್ಲಿ ಮನೆಯವರೇ ಹತ್ತಿರ ಬರಲು ಹೆದರಿದ ದೇಹಗಳನ್ನು ಪಿಪಿಇ ಕಿಟ್ ಹಾಕಿ ಹೊತ್ತ ಯುವಕರು ನಮ್ಮ ಊರು ಊರುಗಳಲ್ಲಿ ಇದ್ದರು. ಮಯ್ಯಿತ್ ಆದರೆ ಖಬರಿಗೆ, ಬೇರೆ ಧರ್ಮದವರಾದರೆ ಅವರ ಕ್ರಮದಂತೆ ಸ್ಮಶಾನಕ್ಕೆ. ಬೆವರಿಗೆ ಕನ್ನಡಕ ಮಸುಕಾಗಿ ದಾರಿ ಕಾಣದ ಆ ಕೆಲಸವನ್ನು ಮಾಡಿದವರೇ ಬಲ್ಲರು.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಕೋಝಿಕ್ಕೋಡ್‌ನ ಒಬ್ಬ ಲಾರಿ ಚಾಲಕನಿಗಾಗಿ ಗಂಗಾವಳಿ ನದಿಯಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಕಾಲ ಹುಡುಕಾಟ ನಡೆಯಿತು. ಕೆಸರು ತುಂಬಿದ, ಸೆಳೆತದ ಆ ನೀರಿಗೆ ನೌಕಾಪಡೆಯ ಮುಳುಗುಗಾರರ ಹಾಗೆ ಮಲ್ಪೆಯ ಈಶ್ವರ್ ಮಲ್ಪೆ ಅವರೂ ಇಳಿದರು. ಅದೇ ಜುಲೈ 30ರಂದು ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಊರುಗಳು ಕೊಚ್ಚಿ ಹೋದವು. ಸೇತುವೆ ಇಲ್ಲದೆ ಆಚೆ ದಡ ಸೇರಲಾಗದಾಗ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಎರಡು ದಿನದೊಳಗೆ ಕಟ್ಟಿ ಕೊಟ್ಟವರು ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರು. ಅವರ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲಿ. ಆ ಸೇತುವೆಯ ಮೇಲೆ ಸೈನಿಕರೂ ನಡೆದರು, ಅಗ್ನಿಶಾಮಕದವರೂ ನಡೆದರು, ಊರಿಂದ ಬಂದ ಸ್ವಯಂಸೇವಕರೂ ನಡೆದರು. ಆಪತ್ತಿನ ಜಾಗದಲ್ಲಿ ಈ ಮೂವರೂ ಒಂದೇ ಸಾಲಿನಲ್ಲಿರುತ್ತಾರೆ. ನೆನಪಿನ ಜಾಗಕ್ಕೆ ಬಂದಾಗ ಮಾತ್ರ ಮೂರನೆಯವರಿಗೆ ಜಾಗ ಇಲ್ಲದಾಗುತ್ತದೆ.

ಹೇಳದೆ ಉಳಿದ ಭಾರ

ಹೆಸರು ಬರೆಯದೆ ಹೋದರೆ ನಷ್ಟ ಎಂತ ಎಂದು ಕೆಲವರು ಕೇಳಬಹುದು. "ಹೆಸರಿಗಾಗಿ ಮಾಡಿದ್ದಾ ಅವರು? ಪ್ರತಿಫಲ ಕೊಡುವವನು ಅಲ್ಲಾಹು" ಎನ್ನಬಹುದು. ಸರಿಯೇ. ಮಾಡಿದವರು ಹೆಸರು ಕೇಳುವುದಿಲ್ಲ, ಕೇಳಲೂ ಬಾರದು. ಆದರೆ ಕೃತಜ್ಞತೆ ಪಡೆದವರ ಮೇಲಿನ ಹೊಣೆ. ಸಹಾಯ ಮಾಡಿದವನು ಮರೆಯಬೇಕು, ಪಡೆದವನು ಮರೆಯಬಾರದು ಎಂದು ಹಿರಿಯರು ನಮಗೆ ಕಲಿಸಿದ್ದು ಹೀಗೆಯೇ ಅಲ್ವಾ?

ಇನ್ನೊಂದು ಮಾತು. ಸುಟ್ಟ ದೇಹ ಹೊತ್ತವನ ಕಣ್ಣಿಂದ ಅದು ಹೋಗುವುದಿಲ್ಲ. ಸಣ್ಣ ಮಗುವಿನ ದೇಹ ಎತ್ತಿದವನಿಗೆ ಮನೆಯಲ್ಲಿ ಮಲಗಿದ ತನ್ನ ಮಗುವನ್ನು ನೋಡುವಾಗ ಅದೇ ನೆನಪು. ನಿದ್ದೆ ಬಾರದಿರುವುದು, ಸಣ್ಣದಕ್ಕೆಲ್ಲ ಸಿಟ್ಟು ಬರುವುದು, ಒಂಟಿಯಾಗಿ ಕೂರುವುದು, ಒಂದು ವಾಸನೆಗೆ ಎದೆ ಹೊಡೆದುಕೊಳ್ಳುವುದು. ಯುದ್ಧದಿಂದ ಬಂದ ಸೈನಿಕರಿಗೂ ಹೀಗೆಯೇ, ಅಗ್ನಿಶಾಮಕದವರಿಗೂ ಹೀಗೆಯೇ. ಇಲಾಖೆಯವರಿಗೆ ಕೇಳಲು ಒಬ್ಬ ಮೇಲಧಿಕಾರಿಯಾದರೂ ಇರುತ್ತಾನೆ, ಒಟ್ಟಿಗೆ ದುಡಿದ ಗೆಳೆಯರಿರುತ್ತಾರೆ. ಊರಿನ ಹುಡುಗನಿಗೆ ಯಾರೂ ಇಲ್ಲ. "ಅವನಿಗೆ ಎಂತಾಗಿದೆ, ಗಟ್ಟಿಯಾಗಿಯೇ ಇದ್ದಾನಲ್ಲ" ಎಂದು ನಾವು ಹೇಳಿಬಿಡುತ್ತೇವೆ.

ಅವನನ್ನು ಕರೆದು ಕೂರಿಸಿ "ಆ ದಿನ ಎಂತಾಯಿತು, ಹೇಳು" ಎಂದು ಕೇಳುವವರು ಒಬ್ಬರಿದ್ದರೂ ಭಾರ ಸ್ವಲ್ಪ ಇಳಿಯುತ್ತದೆ. ಹೇಳಲು ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ. ತೊಂದರೆ ಹೆಚ್ಚಿದ್ದರೆ ವೈದ್ಯರ ಹತ್ತಿರ ಹೋಗಲು ನಾಚಿಕೆ ಪಡಬೇಕಾಗಿಲ್ಲ. ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಹಣ ಇಲ್ಲ. ತಾಪ್ಸಿದ ನಿದ್ದೆಗೆ ಮಾತ್ರೆ ನುಂಗುವುದಕ್ಕಿಂತ, ಮನೆಯವರ ಮೇಲೆ ಹಾರಾಡುವುದಕ್ಕಿಂತ ಇದು ಮೇಲು.

ಹೆದರಿಕೆ ಬೇಡ, ಕಾನೂನು ಜೊತೆಗುಂಟು

ಮೊದಲು ಓಡಿ ಬಂದವರನ್ನು ನೆನೆಯುವ ಇನ್ನೊಂದು ದಾರಿ, ಅವರ ಕೆಲಸವನ್ನು ಕಲಿಯುವುದು. ಹೆದ್ದಾರಿಯಲ್ಲಿ ಅಪಘಾತವಾದರೆ ಜನ ಗುಂಪು ಕಟ್ಟುತ್ತಾರೆ, ಮುಟ್ಟುವುದಿಲ್ಲ. "ಸ್ಟೇಷನ್, ಕೋರ್ಟು ಎಂದು ಯಾರು ಅಲೆಯುವುದು?" ಎಂಬ ಹೆದರಿಕೆ. ಈ ಹೆದರಿಕೆ ಈಗ ಬೇಕಾಗಿಲ್ಲ. 2016ರಲ್ಲೇ ಸುಪ್ರೀಂ ಕೋರ್ಟ್ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುವ ನಿಯಮಗಳಿಗೆ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ಸಹಾಯ ಮಾಡಿದವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವ ಹಾಗಿಲ್ಲ. ಇದಕ್ಕೆಂದೇ ಪ್ರತ್ಯೇಕ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರದ 'ರಾಹ್‌ವೀರ್' ಯೋಜನೆಯಲ್ಲಿ 25,000 ರೂಪಾಯಿ ಬಹುಮಾನವೂ ಉಂಟು.

ಕೆಲವು ವಿಷಯ ಮನೆಯ ಗೋಡೆಯ ಮೇಲೆ ಬರೆದಿಡುವಂಥದ್ದು. ಆಂಬುಲೆನ್ಸಿಗೆ 108. ಪೊಲೀಸ್, ಬೆಂಕಿ, ಆಂಬುಲೆನ್ಸ್ ಎಲ್ಲಕ್ಕೂ 112. ರಕ್ತ ಹರಿಯುತ್ತಿದ್ದರೆ ಶುಚಿಯಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ತೆಗೆದು ತೆಗೆದು ನೋಡಬಾರದು. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿದೆ ಎಂದು ಕಂಡರೆ ಬೆಂಕಿಯಂಥ ಅಪಾಯ ಇಲ್ಲದೆ ಎಳೆದಾಡಬಾರದು. ಪ್ರಜ್ಞೆ ಇಲ್ಲದೆ, ಉಸಿರಿಲ್ಲದೆ ಬಿದ್ದವರ ಎದೆಯ ನಡುವೆ ಎರಡೂ ಕೈ ಒಂದರ ಮೇಲೊಂದಿಟ್ಟು, ದೊಡ್ಡವರಿಗಾದರೆ ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಬೇಕು, ಆಂಬುಲೆನ್ಸ್ ಬರುವವರೆಗೆ. ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು. ಇದನ್ನು ಓದಿ ಕಲಿಯುವುದಕ್ಕಿಂತ ಒಮ್ಮೆ ಕೈಯಾರೆ ಮಾಡಿ ಕಲಿಯಬೇಕು.

ನಮ್ಮದು ಕಡಲ ಬದಿ. ಮುಳುಗುವವನನ್ನು ಕಂಡು ತಾನೂ ಹಾರಿ ಇಬ್ಬರೂ ಹೋದ ಸುದ್ದಿ ಪ್ರತಿ ಮಳೆಗಾಲ ಓದುತ್ತೇವೆ. ಈಜು ಗೊತ್ತಿದ್ದ ಮಾತ್ರಕ್ಕೆ ಮುಳುಗುವವನನ್ನು ತರಲಾಗುವುದಿಲ್ಲ. ಹಗ್ಗ, ಟಯರಿನ ಟ್ಯೂಬು, ಮುಚ್ಚಳ ಹಾಕಿದ ಖಾಲಿ ಕ್ಯಾನು, ಉದ್ದದ ಬಟ್ಟೆ, ಏನು ಸಿಗುತ್ತದೋ ಎಸೆಯಿರಿ, ಬೊಬ್ಬೆ ಹಾಕಿ ಜನ ಕರೆಯಿರಿ. ಹೆಸರು ಉಳಿಯಲಿ ಎಂದು ಜೀವ ಕೊಡುವ ಅಗತ್ಯ ಯಾರಿಗೂ ಇಲ್ಲ. ಎರಡೂ ಜೀವ ಮನೆಗೆ ಬರುವುದೇ ದೊಡ್ಡದು.

ಒಂದು ಪುಸ್ತಕ ಸಾಕು

ಎಲ್ಲ ಊರಲ್ಲೂ ಕಲ್ಲಿನ ಸ್ಮಾರಕ ಕಟ್ಟಿಸಿ ಎಂದು ನಾವು ಹೇಳುತ್ತಿಲ್ಲ. ಅದಕ್ಕೆ ಜಾಗ ಬೇಕು, ಹಣ ಬೇಕು, ಉದ್ಘಾಟನೆಗೆ ಯಾರನ್ನು ಕರೆಯುವುದು ಎಂಬ ಜಗಳವೂ ಬೇಕಾಗುತ್ತದೆ! ಒಂದು ಗಟ್ಟಿ ರಟ್ಟಿನ ಪುಸ್ತಕ ಸಾಕು. ಪ್ರತಿ ಜಮಾಅತಿನಲ್ಲಿ ಮದುವೆಗೆ ರಿಜಿಸ್ಟರ್ ಉಂಟು, ಮರಣಕ್ಕೆ ಉಂಟು, ವಂತಿಗೆಗೆ ಉಂಟು. ಅದರ ಪಕ್ಕದಲ್ಲಿ ಇನ್ನೊಂದು ಇಡುವ.

ಅದರಲ್ಲಿ ಬರೆಯಬೇಕಾದ್ದು ಸರಳ. ಈ ಊರಿನಿಂದ ಸೇನೆಗೆ, ಪೊಲೀಸಿಗೆ, ಅಗ್ನಿಶಾಮಕಕ್ಕೆ, ಗೃಹರಕ್ಷಕ ದಳಕ್ಕೆ ಹೋದವರು ಯಾರು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ. ವಿಮಾನ ದುರಂತದ ದಿನ, ನೆರೆಯ ದಿನ, ಕೊರೊನಾ ಕಾಲದಲ್ಲಿ ದುಡಿದವರು ಯಾರು, ಎಂತ ಮಾಡಿದರು. ಆಂಬುಲೆನ್ಸ್ ಓಡಿಸುವವರು, ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೂ ರಕ್ತ ಕೊಡಲು ಬರುವವರು, ಬಾವಿಗೆ ಇಳಿದವರು. ನಮ್ಮವರು ಮಾತ್ರ ಅಲ್ಲ, ನೆರೆಯ ಹಿಂದೂ, ಕ್ರೈಸ್ತ ಮನೆಗಳವರೂ. ನಮ್ಮ ಮನೆಯ ಬೆಂಕಿಗೆ ನೀರು ತಂದವರನ್ನು ಬಿಟ್ಟು ಬರೆದರೆ ಆ ಪುಸ್ತಕ ಅರ್ಧವೇ. ಹೆಂಗಸರನ್ನೂ ಮರೆಯಬಾರದು. ಗಂಜಿ ಕೇಂದ್ರದಲ್ಲಿ ದಿನಗಟ್ಟಲೆ ಅನ್ನ ಬೇಯಿಸಿದವರು, ಕೊರೊನಾ ವಾರ್ಡಿನ ನರ್ಸುಗಳು, ಮನೆ ಮನೆಗೆ ಹೋದ ಆಶಾ ಕಾರ್ಯಕರ್ತೆಯರು, ಹೆಂಗಸರ ಮಯ್ಯಿತಿಗೆ ಸ್ನಾನ ಮಾಡಿಸಿದವರು.

ಈ ಕೆಲಸಕ್ಕೆ ಅವಸರ ಉಂಟು. ನಮ್ಮ ಬ್ಯಾರಿ ಭಾಷೆ ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದದ್ದು. ಅದಕ್ಕೊಂದು ಸಾಹಿತ್ಯ ಅಕಾಡೆಮಿ ಆದದ್ದೇ 2007ರಲ್ಲಿ. ಅಜ್ಜ ಹೋದರೆ ಅಜ್ಜನ ಕಥೆಯೂ ಖಬರಿಗೆ ಹೋಗುತ್ತದೆ. ಬೊಂಬಾಯಿ ಬಂದರಿನಲ್ಲಿ ದುಡಿದವರು, 1965, 1971ರ ಯುದ್ಧ ಕಂಡವರು ಇನ್ನು ಎಷ್ಟು ಮಂದಿ ಉಳಿದಿದ್ದಾರೆ? ಮದ್ರಸದ ಮಕ್ಕಳಿಗೆ ಶುಕ್ರವಾರ ಒಂದು ಕೆಲಸ ಕೊಡಿ. ಇಬ್ಬಿಬ್ಬರಾಗಿ ಒಂದೊಂದು ಮನೆಗೆ ಹೋಗಿ ಕೇಳಿ ಬರೆದುಕೊಂಡು ಬರಲಿ. ಬ್ಯಾರಿಯಲ್ಲಿ ಹೇಳಿದ್ದನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆಯಲಿ. ಮೊಬೈಲಿನಲ್ಲಿ ಧ್ವನಿಯೂ ದಾಖಲಾಗಲಿ. ಹೇಳಿದವರಿಗೆ ಓದಿ ತೋರಿಸಿ, ಒಪ್ಪಿದ್ದನ್ನು ಮಾತ್ರ ಪುಸ್ತಕಕ್ಕೆ ಇಳಿಸಿ. ಹೆಸರು ಬೇಡ ಎಂದವರ ಹೆಸರು ಬೇಡ, ಕೆಲಸ ಮಾತ್ರ ಬರೆಯಿರಿ.

ವರ್ಷಕ್ಕೊಮ್ಮೆ, ಆಗಸ್ಟ್ 15ಕ್ಕೋ ಜನವರಿ 26ಕ್ಕೋ ಧ್ವಜ ಏರಿಸಿ ಮಿಠಾಯಿ ಹಂಚುವ ಮೊದಲು ಆ ಪುಸ್ತಕದಿಂದ ಹತ್ತು ಹೆಸರು ಓದಿ. ಅವರಲ್ಲಿ ಯಾರಾದರೂ ಎದುರೇ ಕೂತಿದ್ದರೆ ಮಕ್ಕಳ ಕೈಯಿಂದ ಒಂದು ಸಲಾಂ ಹೇಳಿಸಿ. ಅದೇ ದಿನ ಹತ್ತಿರದ ಫೈರ್ ಸ್ಟೇಷನ್‌ನವರನ್ನು ಕರೆದು ಬೆಂಕಿ ಆರಿಸುವುದನ್ನು, ಎದೆ ಒತ್ತುವುದನ್ನು ಕಲಿಸಲು ಕೇಳಿಕೊಳ್ಳಿ. ಮೊದಲೇ ತಿಳಿಸಿದರೆ ಬಂದು ತೋರಿಸುತ್ತಾರೆ.

ಕದ್ರಿಯ ಸ್ಮಾರಕ ಸೈನಿಕರದ್ದು, ತಣ್ಣೀರುಬಾವಿಯದ್ದು ಮಡಿದವರದ್ದು. ಓಡಿ ಬಂದವರ ಪುಸ್ತಕ ನಮ್ಮದು. ಈ ಶುಕ್ರವಾರ ಜುಮುಅ ಮುಗಿದು ಹೊರಗೆ ಬರುವಾಗ ನಿಮ್ಮ ಊರಿನ ಕಾರ್ಯದರ್ಶಿಯ ಹತ್ತಿರ ಒಂದು ಮಾತು ಹೇಳಿ ನೋಡಿ. ಪುಸ್ತಕ ಅಂಗಡಿಯಲ್ಲಿ ನೂರು ರೂಪಾಯಿಗೆ ಸಿಗುತ್ತದೆ. ಮೊದಲ ಹೆಸರು ಯಾರದ್ದು ಎಂದು ನಿಮಗೆ ಈಗಲೇ ನೆನಪಾಗಿರಬಹುದು.